ಸೋಮವಾರದ ಹೊರಸು

ಸಿರುಗುಪ್ಪ ಸೀಮೆಯ ರಾರಾವಿಯ ಜಡೆಪ್ಪ ಹೊಳೆದಂಡೆಯ ಜಾಲಿ ಕಡಿದು ಗದ್ದೆ ಮಾಡಿದವನು. ಅವನ ಮಗ ಅಂಜಿನಪ್ಪ ಕುರುಗೋಡಿಗೆ ಬಂದು, ಒಬ್ಬನೇ ಬಾವಿ ತೋಡಿ ನೀರು ಕಂಡವನು. ಅಂಥವರ ಕುಡಿ, ಅಂಜಿನಪ್ಪನ ಮಗ ಕರಿಬಸವ ಸೋಮವಾರ ಬಂತೆಂದರೆ ಹೆಣದಂತೆ ಬಿದ್ದಿರುತ್ತಾನೆ. ಸೋದರಮಾವನಾದ ನನಗೆ ನೋಡಿದರೆ ಮೈ ಉರಿಯುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅವನಿಗೆ ವಾರಕ್ಕೆ ಸೋಮವಾರ ಒಂದೇ ರಜೆ. ಅವನ ತಾಯಿ, ನನ್ನ ತಂಗಿ ಪಾರಮ್ಮನ ಹೊರಸಿನ ಹಗ್ಗ ಹರಿದು ತಿಂಗಳಾಯಿತು. ಸೊಂಟನೋವಿನ ಹೆಂಗಸು ನೆಲದ ಮೇಲೆ ಮಲಗುತ್ತಾಳೆ. ಹೆಣೆದುಕೊಡುತ್ತೇನೆಂದು ಮಗ ನಾಲ್ಕು ಸಲ ಮಾತು ಕೊಟ್ಟಿದ್ದಾನೆ. ಈ ಸೋಮವಾರ ನಾನು ಅವರ ಮನೆಗೆ ಹೋದಾಗ ಹನ್ನೊಂದು ಗಂಟೆ. ಮುಖ ತೊಳೆದಿಲ್ಲ, ಚಹಾದ ಲೋಟದಲ್ಲಿ ನೊಣ ತೇಲುತ್ತಿದೆ, ಹೊಸ ಹಗ್ಗದ ಸುರುಳಿಯನ್ನೇ ತಲೆದಿಂಬು ಮಾಡಿಕೊಂಡಿದ್ದಾನೆ!

"ಏಳಲೇ, ಹೇಸಿ! ಸೋಮವಾರ ಎತ್ತು ಹೂಡಬಾರದಂತ ನಿಮ್ಮಜ್ಜ ಉಳೋ ಗಳೆ ಬಿಡತಿದ್ದ, ಖರೆ. ಹಂಗಂತ ತಾನೂ ಬಿದ್ದಕಂಡಿರ್ತಿದ್ನೇನು? ಎತ್ತಿನ ಮೈ ತೊಳೀತಿದ್ದ, ಮಿಣಿಹಗ್ಗ ಹೊಸೀತಿದ್ದ."

"ಅಜ್ಜ ಹೂಡಾವ, ಮಾವ. ನಾನು ಹೂಡಿಸಿಕೊಳ್ಳಾವ," ಅಂದ, ಕಣ್ಣು ತೆರೆಯದೆ.

ಅವನ ಮಾತು ಸುಳ್ಳಲ್ಲ. ಅಸಹ್ಯ ಮಾತ್ರ ಹೋಗಲಿಲ್ಲ. ಹೊರಸನ್ನು ಎಳೆದುಕೊಂಡು ಅವನ ತಲೆಯಡಿಯ ಹಗ್ಗಕ್ಕೆ ಕೈ ಹಾಕಿದೆ. ದಡಕ್ಕನೆ ಎದ್ದು ಕೂತ.

"ಬಿಡ್ರಿ ಮಾವ. ನನ್ನ ಮ್ಯಾಲೆ ನನಗ ನಿಮಗಿಂತ ಹೆಚ್ಚು ಹೇಸಿಕಿ ಐತಿ. ಇವತ್ತು ನಾಕು ಎಳಿ ಹಾಕತೀನಿ, ಬರೋ ವಾರ ಮತ್ತ ನಾಕು. ನಮ್ಮವ್ವ ಮಲಗೋ ಹೊರಸು, ನಾನ ಹೆಣೀತೀನಿ. ನೀವು ಕೈ ಹಚ್ಚಬ್ಯಾಡ್ರಿ."