ಕಾರ್ಡಿನಲ್ಲಿ ದುಡ್ಡಿತ್ತು

ರೂಪಾ, ಅಂದು ಕಾರ್ಡಿನಲ್ಲಿ ದುಡ್ಡಿತ್ತು. ಇಲ್ಲ ಎಂದು ನಾನು ಹೇಳಿದ್ದು ಸುಳ್ಳು — ಹಸಿಹಸಿ ಸುಳ್ಳು. ನಿನ್ನ ಎಡಗಿವಿಯನ್ನು ಒಡೆದದ್ದು ನನ್ನ ಮಗ ಪ್ರಶಾಂತ. ಅದು ವಾಸಿಯಾಗದಂತೆ ಮಾಡಿದ್ದು ನಾನು, ನಿನ್ನ ಅತ್ತೆ. ಈಗ ನೀನು ನನ್ನ ಸೊಸೆಯಲ್ಲ, ನಿನಗೆ ಪತ್ರ ಬರೆಯುವ ಹಕ್ಕೂ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ನಾನು ಉಡುಪಿಯಿಂದ ಕ್ವೇಕರ್ಸ್ ಹಿಲ್‌ನ ಆ ಬಾಡಿಗೆ ಮನೆಗೆ ಬಂದಾಗ ನಿಮಗಿನ್ನೂ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ, ಆಗಿರಲಿಲ್ಲ. ಡಾಕ್ಟರ ಖರ್ಚಿಗೆ ಸರಕಾರದ ನೆರವಿರಲಿಲ್ಲ. ಅದಕ್ಕೆಂದೇ ಪ್ರಶಾಂತನ ಕಂಪನಿ ಒಂದು ಹೆಲ್ತ್ ಅಕೌಂಟಿಗೆ ವರ್ಷವರ್ಷವೂ ದುಡ್ಡು ಹಾಕುತ್ತಿತ್ತು. ಆ ಅಕೌಂಟಿನ ಕಾರ್ಡು ಡಾಕ್ಟರ ಫೀಸಿಗೂ ನಡೆಯುತ್ತಿತ್ತು, ಚೀಟಿಯಿಲ್ಲದೆ ಸಿಗುವ ಮಾತ್ರೆ ಮುಲಾಮಿಗೂ ನಡೆಯುತ್ತಿತ್ತು. ಜೂನ್ ಮುಗಿದರೆ ಉಳಿದದ್ದು ಕಂಪನಿಗೇ ವಾಪಸ್. "ಅಮ್ಮ, ಇನ್ನೂ ಸುಮಾರು ಉಂಟು, ಬೇಕಾದ್ದು ತಗೊಂಡು ಖಾಲಿ ಮಾಡು," ಎಂದು ಪ್ರಶಾಂತ ಕಾರ್ಡನ್ನು ನನ್ನ ಕೈಗೇ ಕೊಟ್ಟಿದ್ದ. ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ ನಾನು. ಸೊಂಟನೋವಿನ ಮುಲಾಮು, ಮೀನೆಣ್ಣೆ ಕ್ಯಾಪ್ಸೂಲು, ತಲೆನೋವಿನ ಮಾತ್ರೆ — ಊರಿನ ತಂಗಿಯಂದಿರಿಗೆ, ಅವರ ಬೀಗರಿಗೆ ಎಂದು ಸೂಟ್‌ಕೇಸು ತುಂಬಿಸುತ್ತಿದ್ದೆ. ಫಾರಿನ್ ಮುಲಾಮು ತಂದುಕೊಡುವ ಅಕ್ಕನಿಗೆ ನಮ್ಮೂರಿನಲ್ಲಿ ಎಂಥ ಮರ್ಯಾದೆ ಎಂದು ನಿನಗೆ ಗೊತ್ತು. ಆ ಮರ್ಯಾದೆಯ ರುಚಿ ಹತ್ತಿತ್ತು ನನಗೆ.

ನೀನು ಡ್ರೈವಿಂಗ್ ಕಲಿಯಲು ಹೋಗಿ ಮನೆ ಮುಂದಿನ ಅಂಚೆಪೆಟ್ಟಿಗೆಗೆ ಕಾರು ತಾಗಿಸಿದ್ದೆ. ಸಂಜೆ ಪ್ರಶಾಂತ ಆ ಗೀರು ನೋಡಿ ಬೂಟುಗಾಲಿನಲ್ಲೇ ಅಡುಗೆಮನೆಗೆ ನುಗ್ಗಿದ. ನಿನ್ನ ಜಡೆ ಹಿಡಿದು ಎಳೆದ, ಬೆನ್ನಿಗೆ ಗುದ್ದಿದ. ಕೆನ್ನೆಗೆಂದು ಬೀಸಿದ ಕೈ, ನೀನು ಮುಖ ತಿರುಗಿಸಿದ್ದರಿಂದ, ಕಿವಿಯ ಮೇಲೆ ಬಿತ್ತು. ತಲೆ ಕಪಾಟಿನ ಬಾಗಿಲಿಗೆ ಬಡಿಯಿತು. ಬಿದ್ದವಳನ್ನು ಒದ್ದ. ನಾನು ಅಲ್ಲೇ ಮೇಜಿನ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ — ಸುಲಿಯುತ್ತಲೇ ಇದ್ದೆ. "ಸಾಕು ಮಾರಾಯ, ಪಕ್ಕದ ಮನೆಯವರಿಗೆ ಕೇಳ್ತದೆ," ಎಂದೆ. ಅವಳಿಗೆ ನೋಯುತ್ತದೆ ಎನ್ನಲಿಲ್ಲ.

ನಿನ್ನ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ನೀನು ಮಂಡಿಯೂರಿಕೊಂಡೇ ನನ್ನ ಸೀರೆಯ ನೆರಿಗೆ ಹಿಡಿದುಕೊಂಡೆ.

"ಅತ್ತೆ, ಕಿವಿಯೊಳಗೆ ಗುಂಯ್ ಅಂತಿದೆ, ಏನೂ ಕೇಳಿಸ್ತಿಲ್ಲ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಪ್ಲೀಸ್."

"ದುಡ್ಡೆಲ್ಲಿ ಉಂಟು ಮಾರಾಯ್ತಿ? ಕಾರ್ಡಲ್ಲಿದ್ದದ್ದು ಎಲ್ಲ ಮುಗಿದಿದೆ. ಎಣ್ಣೆ ಬಿಟ್ಟರೆ ಕಡಿಮೆ ಆಗ್ತದೆ."

ಕಿವಿನೋವೆಂದರೆ ನಮ್ಮಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ. ಸುಲಿದ ಬೆಳ್ಳುಳ್ಳಿ ಕೈಯಲ್ಲೇ ಇತ್ತು. ಹರಿದ ಕಿವಿಯೊಳಗೆ ಆ ಎಣ್ಣೆ ಇಳಿದಾಗ ನೀನು ಚೀರಿದೆ — ನಿನ್ನ ತಲೆಯನ್ನು ನನ್ನ ತೊಡೆಗೆ ಒತ್ತಿ ಹಿಡಿದು ಮತ್ತಷ್ಟು ಬಿಟ್ಟೆ. ಅದು ಮದ್ದಲ್ಲ, ಎರಡನೆಯ ಪೆಟ್ಟು.

ಡಾಕ್ಟರು ಹೇಗಾಯಿತೆಂದು ಕೇಳುತ್ತಾರೆ, ಪೊಲೀಸರು ಬರುತ್ತಾರೆ, ಮಗನ ಪಿಆರ್ ಹೋಗುತ್ತದೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣ ಕಚ್ಚಿದರೆ ರಕ್ತ ಬರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ನಿನ್ನ ಮಾವನವರ ಕೈಯಲ್ಲಿ ನಾನೂ ಪೆಟ್ಟು ತಿಂದವಳೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ನೋವು ಏನೆಂದು ಗೊತ್ತಿದ್ದೂ ನಿನ್ನನ್ನು ಒತ್ತಿ ಹಿಡಿದೆ, ಅದರಿಂದ ನನ್ನ ತಪ್ಪು ಇನ್ನೂ ದೊಡ್ಡದಾಗುತ್ತದೆ.

ಮರುದಿನ ಔಷಧಿ ಅಂಗಡಿಗೆ ಹೋಗಿ ಕಿವಿಗೆ ಬಿಡುವ ಡ್ರಾಪ್ಸ್ ಕೇಳಿದೆ. ಅಲ್ಲಿದ್ದ ಪಂಜಾಬಿ ಹುಡುಗಿ ಹಿಂದಿಯಲ್ಲಿ, ರಕ್ತವೇನಾದರೂ ಬಂದಿತ್ತೇ ಆಂಟಿ ಎಂದು ಕೇಳಿದಳು. ಬಂದಿದ್ದರೆ ಒಂದು ಹನಿಯನ್ನೂ ಬಿಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಎಂದಳು. ರಕ್ತವೇನೂ ಇಲ್ಲ, ಸ್ನಾನ ಮಾಡುವಾಗ ನೀರು ಹೋಗಿದೆ ಎಂದೆ, ನನ್ನ ಹರಕು ಹಿಂದಿಯಲ್ಲಿ. ಕಾರ್ಡು ಕೊಟ್ಟೆ, ನಡೆಯಿತು. ಅದೇ ಬಿಲ್ಲಿನಲ್ಲಿ ತಂಗಿಯಂದಿರಿಗೆ ಮಂಡಿನೋವಿನ ಮುಲಾಮನ್ನೂ ತೆಗೆದುಕೊಂಡೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಆಮೇಲೆ ಕೀವು, ಜ್ವರ, ದಿಂಬಿಗೆ ಅಂಟಿದ ಕೂದಲು. ನೀನು ಹಲ್ಲು ಕಚ್ಚಿ ನರಳುವಾಗ ಸೂಟ್‌ಕೇಸು ತೆರೆದು ಒಂದು ಮಾತ್ರೆ ಕೊಡುತ್ತಿದ್ದೆ — ಅದೂ ಯಾರ ಪಾಲಿನದು ಕಡಿಮೆಯಾಯಿತು ಎಂದು ಯೋಚಿಸುತ್ತಾ. ನಾನು ಊರಿಗೆ ಹೊರಟ ಮೇಲೆ ನೀನು ಅವನನ್ನು ಬಿಟ್ಟು ಮೆಲ್ಬರ್ನ್‌ನ ಗೆಳತಿಯ ಮನೆ ಸೇರಿದೆ. ಸೊಸೆ ಹೊಂದಿಕೊಳ್ಳಲಿಲ್ಲ ಎಂದು ಬಂಧುಗಳಿಗೆಲ್ಲ ನಾನು ಹೇಳಿಕೊಂಡು ಬಂದೆ. ಅದೂ ಸುಳ್ಳೇ.

ವರ್ಷಗಳ ನಂತರ ಮತ್ತೆ ಮಗನ ಬಳಿಗೆ ಬಂದಿದ್ದವಳು, ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ನಮ್ಮ ಪರಿಚಿತರ ಗೃಹಪ್ರವೇಶಕ್ಕೆ ಹೋದಾಗ ನಿನ್ನನ್ನು ಕಂಡೆ. ಹಿಂದಿನಿಂದ ಕರೆದೆ, ನೀನು ತಿರುಗಲಿಲ್ಲ. ಮುಖ ತಿರುಗಿಸಿಕೊಂಡಳು, ಸರಿ, ನನಗೆ ತಕ್ಕದ್ದೇ ಎಂದುಕೊಂಡೆ. ಭುಜ ಮುಟ್ಟಿದಾಗ ನೀನು ಬೆಚ್ಚಿಬಿದ್ದೆ.

"ಈ ಕಡೆ ಬಂದು ಹೇಳಿ ಅತ್ತೆ, ಆ ಕಿವಿ ಪೂರ್ತಿ ಹೋಗಿದೆ. ಬೇಗ ಬಂದಿದ್ರೆ ಉಳೀತಿತ್ತಂತೆ," ಎಂದೆ ನೀನು. ನನಗೆ ಅಳು ಬಂತು. ನೀನು ನನ್ನ ಕೈ ಹಿಡಿದುಕೊಂಡೆ. "ನೀವು ತಾನೆ ಏನ್ಮಾಡೋಕಾಗ್ತಿತ್ತು? ಆಗ ದುಡ್ಡೇ ಇರ್ಲಿಲ್ವಲ್ಲ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ — ಯಾರೋ ಊಟಕ್ಕೆ ಕರೆದರು. ಹೋಗಿ ಹೋಳಿಗೆ ತಿಂದೆ.

ಹೋದ ವಾರ, ರೌಸ್ ಹಿಲ್‌ನ ಅವನ ಹೊಸ ಮನೆಯಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪ್ರಶಾಂತ ಬಟ್ಟಲನ್ನು ನನ್ನ ಮುಖಕ್ಕೆ ಎಸೆದ. ತುಟಿ ಸೀಳಿ ಹಲ್ಲು ಅಲುಗಾಡಿತು. ಪಕ್ಕದ ಮನೆಯಾಕೆ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಹೇಗಾಯಿತು ಎಂದು ಡಾಕ್ಟರು ಕೇಳಿದರು. ಅವನ ಕೆಲಸ, ಮನೆಸಾಲದ ಮಾರ್ಟ್‌ಗೇಜ್, ಮಾನ — ಒಂದೂ ನೆನಪಾಗಲಿಲ್ಲ ನನಗೆ.

"ಮೈ ಸನ್ ಹಿಟ್ ಮಿ," ಎಂದೆ.

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ ರೂಪಾ. ನಿನ್ನ ಕಿವಿ ಒಡೆದ ದಿನವೂ ಹೇಳುವುದು ಇಷ್ಟೇ ಇತ್ತು.