ಹಿಂಬದಿ ಕೋಣೆಯ ಫೋಟೊದವಳು

ಮಕ್ಕಳಾಗಲಿಲ್ಲವೆಂದು ಲಾಂಗ್ ಸ್ವಿಯೆನ್ ಪಟ್ಟಣದ ಗಂಡನ ಮನೆಯವರು ತಾಮ್‌ಳನ್ನು ಹೊಳೆ ದಾಟಿಸಿ ತವರಿಗೆ ಕಳಿಸಿದರು. ಆಮೇಲೆ ಇಪ್ಪತ್ತು ವರ್ಷ ಅವಳು ಸಾದೆಕ್ ಮಾರುಕಟ್ಟೆಯ ಸ್ಟುಡಿಯೊ ಒಂದರಲ್ಲಿ ದುಡಿದಳು. ಮಾಲೀಕ ಸತ್ತು, ಅವನ ಮಕ್ಕಳು ಅಲ್ಲಿ ಮೊಬೈಲ್ ಅಂಗಡಿ ಇಟ್ಟಾಗ ಅವಳಿಗೆ ನಲವತ್ತೇಳು. ಅಣ್ಣ ಲುವಾನ್ ಮನೆಯ ಹಿಂಬದಿಯ ಕೋಣೆ ತೋರಿಸಿ, ಬೇಕಾದರೆ ಇಲ್ಲೇ ಏನಾದರೂ ಮಾಡಿಕೋ ಅಂದ.

ಹೂದೋಟದ ಗೊಬ್ಬರದ ಚೀಲ ಪೇರಿಸುತ್ತಿದ್ದ ಕೋಣೆ ಅದು. ತಾಮ್ ಮೂರು ದಿನ ಸೋಪುನೀರು ಸುರಿದು ನೆಲ ಉಜ್ಜಿದಳು.

"ಎಷ್ಟು ತೊಳೆದ್ರೂ ಆ ವಾಸನೆ ಹೋಗಲ್ಲ ಕಣೇ," ಅಂದಳು ಅತ್ತಿಗೆ ಲಿಯೆನ್, ಬಾಗಿಲಲ್ಲಿ ನಿಂತು ಕಲ್ಲಂಗಡಿ ಬೀಜ ಕಡಿಯುತ್ತ. "ಹೋಗ್ಲಿ ಬಿಡು, ನಿನ್ನ ಗಿರಾಕಿಗಳು ಸಾಯೋಕೆ ಕೂತೋರು. ಇನ್ನೆಷ್ಟು ದಿನ ಮೂಗು ಇರುತ್ತೆ ಅವರಿಗೆ?"

ಅರವತ್ತು ದಾಟಿದವರು, ಸತ್ತ ಮೇಲೆ ಮನೆಯ ಹಿರಿಯರ ಪೀಠದ ಮೇಲೆ ಇಡುವ ಫೋಟೊವನ್ನು ಬದುಕಿರುವಾಗಲೇ ತೆಗೆಸಿ ಬೀರುವಿನಲ್ಲಿಡುತ್ತಾರೆ. ಅಂಥ ಫೋಟೊದಲ್ಲಿ ತಾಮ್‌ಳದು ಪಳಗಿದ ಕೈ. ಬೆಳಕು ಮೆತ್ತಗೆ ಬರಲೆಂದು ಕಿಟಕಿಗೆ ತೆಳುಕಾಗದ ಅಂಟಿಸಿದಳು. ಚಹಾ ಪೊಟ್ಟಣಗಳ ಬೆಳ್ಳಿಹಾಳೆಯನ್ನು ಹಲಗೆಗೆ ಮೆತ್ತಿ, ಮುಖದ ಕತ್ತಲಿನ ಕಡೆಗೆ ನಿಲ್ಲಿಸಿದಳು. ಜರಿಯ ಉದ್ದಂಗಿಯೊಂದನ್ನು ಬೆನ್ನಿನುದ್ದಕ್ಕೂ ಸೀಳಿ ಲಾಡಿ ಹೊಲಿದಳು. ಯಾವ ಮೈಗಾದರೂ ಮುಂದಿನಿಂದ ತೊಡಿಸಿ ಹಿಂದೆ ಕಟ್ಟಿಬಿಡಬಹುದು.

ಅಣ್ಣನಲ್ಲಿ ಅವಳು ಕೇಳಿದ್ದು ಒಂದೇ. ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ಪೀಠ. ಅಲ್ಲಿಂದ ಹೊರಬಿದ್ದವಳಿಗೆ ಅದೂ ಇಲ್ಲ, ತವರಿನದೂ ಇಲ್ಲ. ಎಡೆಯಿಡುವವರಿಲ್ಲದ ಸತ್ತವರು ಹಸಿದುಕೊಂಡು ಬೀದಿ ಅಲೆಯುತ್ತಾರೆ.

"ಅಣ್ಣ, ನಾನು ಹೋದ್ಮೇಲೆ ಅಪ್ಪ ಅಮ್ಮನ ಪಕ್ಕ ನನ್ನ ಫೋಟೊ ಇಡ್ತೀಯಾ? ವರ್ಷಕ್ಕೊಂದು ದಿನ ಒಂದು ಬಟ್ಟಲು ಅನ್ನ, ಸಾಕು."

"ಅಷ್ಟೇನಾ? ಇಟ್ಟರಾಯ್ತು ಬಿಡು," ಅಂದ ಲುವಾನ್. ತಾಮ್ ಆ ಮಾತನ್ನು ನಂಬಿದಳು. ಆರು ವರ್ಷ ಆ ಮನೆಯ ಪಾತ್ರೆ ತೊಳೆದಳು, ಗಳಿಸಿದ್ದನ್ನೆಲ್ಲ ಆ ಮನೆಗೇ ಹಾಕಿದಳು.

ಎದುರು ದಡದ ಬಾಯ್ ಅಜ್ಜಿ ದೋಣಿಯಲ್ಲಿ ಬಂದು ಕೂತಿದ್ದು ಆ ವರ್ಷಗಳಲ್ಲೇ.

"ಫೋಟೊದಲ್ಲಿ ಹಲ್ಲು ಹಾಕಿಕೊಡೇ ಮಗಳೇ. ನಮ್ಮೆಜಮಾನ್ರು ಹೋಗಿ ಹದಿನೈದು ವರ್ಷ ಆಯ್ತು. ಬೊಚ್ಚುಬಾಯಿ ನೋಡಿ ಯಾರೋ ಮುದುಕಿ ಅಂತ ದಾಟಿ ಹೋದಾರು."

"ಹಾಕ್ತೀನಿ ಅಜ್ಜಿ. ಅಲ್ಲಿ ಯಾವಳನ್ನಾದ್ರೂ ಇಟ್ಕೊಂಡಿದ್ರೆ ಕಚ್ಚೋಕೂ ಆಗುತ್ತೆ."

ಐವತ್ಮೂರಕ್ಕೆ ತಾಮ್‌ಳ ಯಕೃತ್ತಿನಲ್ಲಿ ಗಡ್ಡೆ ಕಂಡಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು. ತಾಮ್ ತಾನೇ ಕ್ಯಾಮೆರಾ ನಿಲ್ಲಿಸಿ, ಜರಿಯಂಗಿ ತೊಟ್ಟು ಕೂತಳು. ಬೆನ್ನ ಹಿಂದಿನ ಲಾಡಿಗೆ ಕೈ ಎಟುಕಲಿಲ್ಲ, ಹಾಗೆಯೇ ಬಿಟ್ಟಳು. ಊರವರ ಸುಕ್ಕನ್ನೆಲ್ಲ ಅಳಿಸಿಕೊಟ್ಟವಳು ತನ್ನದರಲ್ಲಿ ಹಳದಿಗೆ ತಿರುಗಿದ ಕಣ್ಣನ್ನಷ್ಟೇ ಬೆಳ್ಳಗೆ ಮಾಡಿಕೊಂಡಳು.

ಅದೇ ಹೊತ್ತಿಗೆ ಅಣ್ಣನ ಮಗ ಕಿಯೆತ್‌ನ ಮದುವೆ ಗೊತ್ತಾಗಿತ್ತು, ಎರಡನೇ ಚಾಂದ್ರಮಾಸದ ಹನ್ನೆರಡಕ್ಕೆ. ಮನೆಯಲ್ಲಿ ಸಾವಾದರೆ ಮದುವೆ ವರ್ಷ ಮುಂದಕ್ಕೆ ಹೋಗುತ್ತದೆ.

"ಹನ್ನೆರಡರವರೆಗೆ ತಡ್ಕೋ ತಾಮ್," ಗಂಜಿ ಕುಡಿಸುತ್ತ ಲಿಯೆನ್ ಹೇಳಿದಳು. "ಚಪ್ಪರಕ್ಕೆ ಹೇಳಿಯಾಗಿದೆ, ಹಂದಿಗೆ ಹೇಳಿಯಾಗಿದೆ."

"ಹಂದಿಗೂ ಹೀಗೇ ಹೇಳಿದ್ಯಾ ಅತ್ತಿಗೆ, ತಡ್ಕೋ ಅಂತ?"

ಆದರೂ ತಾಮ್ ನಿಜವಾಗಿಯೂ ಪ್ರಯತ್ನಪಟ್ಟಳು. ಪೀಠದ ಮೇಲಿನ ಜಾಗ ತಪ್ಪಬಾರದಲ್ಲ. ದಿನಾ ಬೆಳಿಗ್ಗೆ ತಾರೀಖು ಕೇಳುತ್ತಿದ್ದಳು. ಹನ್ನೊಂದರ ಮಧ್ಯಾಹ್ನ ಮೂರೂವರೆಗೆ, ಅಂಗಳದಲ್ಲಿ ಹುಡುಗರು ಧ್ವನಿವರ್ಧಕ ಕಟ್ಟುತ್ತಿರುವಾಗ, ಅವಳ ಉಸಿರು ನಿಂತಿತು.

ಸಾವನ್ನು ಸಾರುವ ಮೊದಲು ಅವಸರದಲ್ಲಿ ಮದುವೆ ಮುಗಿಸುವುದು ನಮ್ಮಲ್ಲಿ ಉಂಟು. ಆದರೆ ಹೆಣ್ಣಿನ ಕಡೆಯವರಿಗೆ ಹೇಳಿ, ನಾಲ್ಕು ಜನರ ನಡುವೆ, ಸದ್ದಿಲ್ಲದೆ ಮಾಡುತ್ತಾರೆ. ಲಿಯೆನ್ ಗಂಡನ ಹೊರತು ಯಾರಿಗೂ ಹೇಳಲಿಲ್ಲ. ಹೆತ್ತ ಮಗನಿಗೂ ಹೇಳಲಿಲ್ಲ. ಬಿಯರಿಗೆಂದು ತರಿಸಿದ ಮಂಜುಗಡ್ಡೆಯಲ್ಲಿ ನಾಲ್ಕು ದೊಡ್ಡ ತುಂಡು ಹೆಣವಿದ್ದ ಹಿಂಬದಿ ಕೋಣೆಗೆ ಹೋದವು. ಬೀಗ ಬಿತ್ತು.

ಮರುದಿನ ಇನ್ನೂರು ಜನ ಉಂಡರು. ಮದುಮಕ್ಕಳು ಪೀಠದ ಮುಂದೆ ಬಾಗಿದರು. ಯಾರೋ ಮೈಕ್ ಹಿಡಿದು ಹಾಡಿದರು. ಬಾಯ್ ಅಜ್ಜಿ ಬಿಯರ್ ಲೋಟ ಹಿಡಿದು ಹಿಂದಕ್ಕೆ ಹೋಗಿ ಬಾಗಿಲು ಬಡಿದಳು.

"ತಾಮ್, ಒಂದು ಗುಟುಕು ಕುಡಿಯೇ. ಮದುವೆಮನೇಲಿ ಮುಖ ತೋರಿಸ್ದೆ ಮಲಗ್ತಾರಾ?"

"ಗುಳಿಗೆ ತಗೊಂಡವ್ಳೆ ಅಜ್ಜಿ, ಎಬ್ಬಿಸ್ಬೇಡಿ," ಅಂತ ಲಿಯೆನ್ ಅವಳ ತೋಳು ಹಿಡಿದು ತಿರುಗಿಸಿದಳು.

"ಏನೇ ಇದು, ಬಾಗಿಲ ಹತ್ರ ವಾಸನೆ?"

"ಹಳೇ ಗೊಬ್ಬರದ್ದು. ಎಷ್ಟು ತೊಳೆದ್ರೂ ಹೋಗಲ್ಲ."

ಹದಿಮೂರರ ಬೆಳಿಗ್ಗೆ ಲಿಯೆನ್ ಬೀದಿಗೆ ಕೇಳುವಂತೆ ಅತ್ತಳು. ಈಗಷ್ಟೇ ಹೋದಳೆಂದು ಊರಿಗೆಲ್ಲ ಹೇಳಿದರು. ಮುಖ ನೋಡಲು ಬಂದವರಿಗೆ ಪೆಟ್ಟಿಗೆ ಮುಚ್ಚಿಯಾಗಿತ್ತು.

ಪದ್ಧತಿಯಂತೆ ನಲವತ್ತೊಂಬತ್ತು ದಿನ ಫೋಟೊ ಬೇರೆ ಮೇಜಿನ ಮೇಲಿತ್ತು. ಐವತ್ತನೆಯ ದಿನ ಲುವಾನ್ ಅದನ್ನು ಅಪ್ಪ ಅಮ್ಮನ ಪಕ್ಕ ಇಡಲು ಹೋದಾಗ ಲಿಯೆನ್ ತಡೆದಳು.

"ಸತ್ತ ದಿನಾನೇ ಸುಳ್ಳು ಹೇಳಿದ್ದೀವಿ. ಅವಳಿಗೆ ಗೊತ್ತಿರಲ್ವಾ? ಅಂಥವಳನ್ನ ತಂದು ಹೊಸ ಸೊಸೆ ತಲೆ ಮೇಲೆ ಕೂರಿಸ್ತೀರಾ?"

"ಮಾತು ಕೊಟ್ಟಿದ್ದೆ ಕಣೇ."

"ನಾನು ಕೊಟ್ಟಿಲ್ವಲ್ಲ. ಎಡೆ ಬೇಯಿಸೋಳು ನಾನು."

ಲುವಾನ್ ಫೋಟೊವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬೈಕಿನ ಮುಂದಿಟ್ಟುಕೊಂಡು ಸೇತುವೆಯಾಚೆಯ ಬೌದ್ಧ ವಿಹಾರಕ್ಕೆ ಒಯ್ದ. ದಿಕ್ಕಿಲ್ಲದವರ ಫೋಟೊಗಳನ್ನು ಅಲ್ಲಿ ಸಾಲಾಗಿ ಇಟ್ಟಿರುತ್ತಾರೆ. ವಯಸ್ಸಾದ ಸನ್ಯಾಸಿನಿ ಫೋಟೊ ತಿರುಗಿಸಿ, ಹಿಂದೆ ಬರೆಯಲು ಪೆನ್ನು ತೆಗೆದಳು.

"ತೀರಿಕೊಂಡ ದಿನ ಸರಿಯಾಗಿ ಹೇಳಪ್ಪ. ನಾವು ಅನ್ನ ಇಡೋದು ಆವತ್ತೇ."

ಪಕ್ಕದಲ್ಲಿ ಅವನೂರಿನ ಇಬ್ಬರು ಅಗರಬತ್ತಿ ಹಚ್ಚುತ್ತಿದ್ದರು.

"ಹದಿಮೂರು," ಅಂದ ಲುವಾನ್.

"ಬೆಳಿಗ್ಗೆನೋ, ಸಾಯಂಕಾಲಾನೋ?"

"ಬೆಳಿಗ್ಗೆ."

ಅವಳು ಬರೆದುಕೊಂಡಳು. ಎರಡನೇ ತಿಂಗಳ ಹದಿಮೂರಕ್ಕೆ ಅಲ್ಲಿ ತಾಮ್‌ಳ ಹೆಸರು ಹಿಡಿದು ಕೂಗಿ ಬಟ್ಟಲು ಅನ್ನ ಇಡುತ್ತಾರೆ. ಹನ್ನೊಂದಕ್ಕೇ ಬಂದವಳು ಎರಡು ದಿನ ಹಸಿದು ಕಾಯಬೇಕು.