ಒಂಬತ್ತನೇ ಗುಳಿಯ ಬಿರಡೆ

ಕೋವಿ ರಿಪೇರಿಯ ಆ ಅಂಗಡಿಗೆ ಬಂದವರು ಮೊದಲು ನೋಡುವುದು ಕೋವಿಗಳನ್ನಲ್ಲ, ಗೋಡೆಯನ್ನು. ಅಲ್ಲಿ ಮೊಳೆಗಳಿಗೆ ಒಡೆದ ನಳಿಗೆಗಳು ತೂಗುತ್ತವೆ. ಒಂದು, ಸುಲಿದ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಾಯಿ ಬಿಚ್ಚಿಕೊಂಡಿದೆ. ಅದರ ಯಜಮಾನ ಕೋವಿಯನ್ನೇ ಊರುಗೋಲು ಮಾಡಿಕೊಂಡು ಕಾಲುವೆ ದಾಟಿದ್ದ, ತುದಿಗೆ ಮೆತ್ತಿದ ಕೆಸರನ್ನು ನೋಡಿರಲಿಲ್ಲ. ಇನ್ನೊಂದಕ್ಕೆ ಇಲಿ ನುಂಗಿದ ಹಾವಿನಂತೆ ನಡುವೆ ಹೊಟ್ಟೆ ಬಂದಿದೆ. ಅಟ್ಟದಲ್ಲಿ ಬಿದ್ದಿದ್ದಾಗ ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ಬಾಗಿಲ ಪಕ್ಕದ್ದು ತೇವ ಕುಡಿದ ಹಳೆ ತೋಟಾದ ಕೆಲಸ. ಢಂ ಅನ್ನಬೇಕಾದದ್ದು ಫುಸ್ ಅಂದಿತು, ತೋಟಾದೊಳಗಿನ ರಟ್ಟಿನ ಬಿಲ್ಲೆ ಅರ್ಧ ದಾರಿಯಲ್ಲೇ ಕೂತುಬಿಟ್ಟಿತು. ಹಿಡಿದವನಿಗೋ ಅವಸರ. ಇನ್ನೊಂದು ತೋಟಾ ತುಂಬಿ ಹೊಡೆದ. ಅವನ ಎಡಗೈಯಲ್ಲಿ ಈಗ ಎರಡೇ ಬೆರಳು. ಈಗಲೂ ಆಗೀಗ ಬರುತ್ತಾನೆ, ಆ ಎರಡು ಬೆರಳಲ್ಲೇ ಟೀ ಲೋಟ ಹಿಡಿದು ಗೋಡೆಯ ಕಡೆ ನೋಡಿ, "ನನ್ನ ಉಳಿದ ಮೂವರು ಆರಾಮಾಗಿದ್ದಾರಾ?" ಅಂತ ಕೇಳುತ್ತಾನೆ.

ಅಂಗಡಿ ಅಪ್ಪ ಮಗಳದು. ಅಪ್ಪನನ್ನು ಊರವರು ಕರೆಯುವುದೇ ಹದ್ದುಗಣ್ಣಪ್ಪ ಅಂತ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆ ಸಾಕು, ಒಳಗೆ ಕೂದಲೆಳೆಯಷ್ಟು ಗೀರಿದ್ದರೂ ಅವರ ಬಾಯಲ್ಲಿ ಇರುತ್ತಿತ್ತು. ಮಗಳು ಎಣಿಕೆಯಕ್ಕ. ಹದಿನಾರಕ್ಕೆ ಅರ ಹಿಡಿದವಳಿಗೆ ಈಗ ನಲವತ್ತೆರಡು. ಬೆಳಿಗ್ಗೆ ಬೀಗ ತೆಗೆದೊಡನೆ ಸ್ಕ್ರೂ, ಸ್ಪ್ರಿಂಗು, ಚಿಂದಿ ಬಟ್ಟೆ ಎಲ್ಲ ಎಣಿಸಬೇಕು, ಸಂಜೆ ಮತ್ತೆ ಎಣಿಸಬೇಕು. ಹೆಣ್ಣು ನೋಡಲು ಬಂದವರ ಕೈಬೆರಳು ಎಣಿಸುತ್ತ ಕೂತಿದ್ದಳು, ಅದಕ್ಕೇ ಅವರು ಎದ್ದುಹೋದರು ಅನ್ನುವುದು ಅವಳ ಭಾವ ಕಟ್ಟಿದ ಕತೆ. ಸುಳ್ಳು ಅಂತ ಅವಳೂ ಹೇಳಿಲ್ಲ.

ಆ ಗೋಡೆ ನೋಡಿಯೇ ಅಪ್ಪ ಒಂದು ಕಟ್ಟುಪಾಡು ಮಾಡಿದ್ದರು. ಕೆಲಸ ಮಾಡಿದವರ ಕಣ್ಣು ಕೊನೆಯ ಕಣ್ಣಾಗಬಾರದು. ಒಬ್ಬರು ರಿಪೇರಿ ಮಾಡಿದರೆ ಇನ್ನೊಬ್ಬರು ನಳಿಗೆಯೊಳಗೆ ನೋಡಿ "ಬೆಳಕು ಬಂತು" ಅನ್ನಬೇಕು. ಆ ಎರಡು ಮಾತು ಕೇಳದೆ ಯಾವ ಕೋವಿಯೂ ಹೊಸಿಲು ದಾಟಿದ್ದಿಲ್ಲ. ಕೆಲಸವೆಲ್ಲ ಮಗಳದೇ ಆದ ಮೇಲೆ ಆ ಮಾತು ಅಪ್ಪನದಾಯಿತು.

ಆ ಭಾನುವಾರ ಅಂಗಡಿಗೆ ರಜೆ. ಆದರೂ ಎಣಿಕೆಯಕ್ಕ ಚಹಾ ಕುಡಿಯುವ ಮುಂಚೆ ಬೀಗ ತೆಗೆದು ಎಣಿಸಲು ನಿಂತಳು. ನೆಗ್ಗು ತೆಗೆಯುವ ಬಿರಡೆಗಳ ಮರದ ಪೆಟ್ಟಿಗೆ ತೆರೆದಳು. ಹೆಬ್ಬೆರಳಿನ ಗಾತ್ರದ ಹದಿನಾಲ್ಕು ಹಿತ್ತಾಳೆ ಬಿರಡೆಗಳು, ಒಂದಕ್ಕಿಂತ ಒಂದು ಕೂದಲಷ್ಟು ದಪ್ಪ, ತಮ್ಮ ತಮ್ಮ ಗುಳಿಯಲ್ಲಿ ಇರಬೇಕು. ನಳಿಗೆ ನೆಗ್ಗಿದ್ದರೆ ಸರಿಹೊಂದುವ ಬಿರಡೆಯನ್ನು ಒಳಗೆ ನೂಕಿ, ನೆಗ್ಗಿನ ಕೆಳಗೆ ಕೂರಿಸಿ, ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾರೆ.

ಒಂಬತ್ತನೇ ಗುಳಿ ಖಾಲಿ.

ಮತ್ತೆ ಎಣಿಸಿದಳು. ಬೆಂಚಿನ ಕೆಳಗೆ ಮಂಡಿಯೂರಿ ತಡಕಿದಳು, ಎಣ್ಣೆ ಬಟ್ಟೆಗಳನ್ನು ಕೊಡವಿದಳು, ಏಪ್ರನ್ನಿನ ಜೇಬು ಹೊರಳಿಸಿದಳು. ಆಗ ನಿನ್ನೆಯ ಮಧ್ಯಾಹ್ನ ನೆನಪಾಯಿತು. ಬಿರಡೆ ನೂಕಿ ನೆಗ್ಗು ಎತ್ತಿದ್ದಳು. ಇನ್ನೇನು ಬಿರಡೆ ಹೊರತೆಗೆಯಬೇಕು, ಅಷ್ಟರಲ್ಲಿ ಅಕ್ಕನ ಫೋನು. ಅಕ್ಕನ ಮಾತಿಗೆ ಮೊದಲುಂಟು, ಕೊನೆಯಿಲ್ಲ. ಮುಗಿಸಿ ಬರುವಷ್ಟರಲ್ಲಿ ಅಪ್ಪ ಕೋವಿಯನ್ನು ಒರೆಸಿ ಜೋಡಿಸಿ ಇಟ್ಟಿದ್ದರು. "ಬೆಳಕು ಬಂತಾ ಅಪ್ಪ?" ಅಂದಿದ್ದಳು. "ಬಂತು" ಅಂದಿದ್ದರು. ಭಾವ ಬಂದು ಕೋವಿ ಹೆಗಲಿಗೇರಿಸಿಕೊಂಡು ಹೋಗಿದ್ದ. ಸಂಜೆ ಎಣಿಸುವ ಹೊತ್ತಿಗೆ ಮತ್ತೆ ಅಕ್ಕನ ಫೋನು ಬಂದು, ಎಣಿಕೆ ಬೆಳಿಗ್ಗೆಗೆ ಉಳಿದಿತ್ತು.

ಜೋಡಿ ನಳಿಗೆಯ ಆ ಕೋವಿ ಭಾವನದು, ಅಕ್ಕನ ಗಂಡನದು. ಬಸ್ಸಿನ ಡ್ರೈವರು. ರಜೆಯ ದಿನ ಊರಾಚೆಯ ಹಳೆ ಕಲ್ಲುಗಣಿಯಲ್ಲಿ, ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಕ್ಲಬ್ಬಿಗೆ ಹೋಗುವುದೊಂದೇ ಅವನ ಗೀಳು. ಇವತ್ತು ರಜೆ.

ಅಪ್ಪ ಒಳಗೆ ಟೀಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದರು.

"ಅಪ್ಪ, ನಿನ್ನೆ ಭಾವನ ಕೋವಿ ನೋಡಿದ್ಯಲ್ಲ, ಎರಡೂ ನಳಿಗೆ ನೋಡ್ದ್ಯಾ?"

"ಇದೇನ್ ಹೊಸ ಪ್ರಶ್ನೆ? ನೋಡದೆ ಹೇಳ್ತೀನಾ?"

"ಹೇಗಿತ್ತು?"

"ಹೇಗಿರತ್ತೆ? ಹುಣ್ಣಿಮೆ ಚಂದ್ರ ಇದ್ದ ಹಾಗಿತ್ತು."

ಹಾಗೆನ್ನುತ್ತಲೇ ಅಪ್ಪ ಎರಡನೇ ಚಮಚ ಸಕ್ಕರೆಯನ್ನು ಲೋಟದ ಪಕ್ಕಕ್ಕೆ, ಮೇಜಿನ ಮೇಲೆ ಸುರಿದರು. ಸುರಿದದ್ದು ಅವರಿಗೆ ಗೊತ್ತಾಗಲಿಲ್ಲ. ಚಮಚವನ್ನು ಲೋಟದಲ್ಲಿಟ್ಟು ತಿರುಗಿಸಿದರು.

ಎಣಿಕೆಯಕ್ಕ ಆ ಬಿಳಿ ಗುಡ್ಡೆಯನ್ನು ನೋಡುತ್ತ ನಿಂತಳು. ಅಪ್ಪ ಈಚೆಗೆ ಅರ ಬೇಕಾದರೆ ನೋಡದೇ ಕೈ ಚಾಚಿ ಎತ್ತಿಕೊಳ್ಳುತ್ತಿದ್ದರು. ಅನುಭವ ಅಂದರೆ ಹೀಗಿರಬೇಕು ಅಂತ ಅವಳು ಗಿರಾಕಿಗಳ ಮುಂದೆ ಜಂಬ ಕೊಚ್ಚಿದ್ದಳು.

ಭಾವನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಅಕ್ಕನಿಗೆ ಮಾಡಿದಳು.

"ಅವರಾ? ಏಳಕ್ಕೇ ಹೋದ್ರಲ್ಲ. ಫೋನ್ ಅಲ್ಲೆಲ್ಲೋ ಡಬ್ಬಿಯಲ್ಲಿಟ್ಟು, ಸದ್ದು ತಡೆಯೋಕೆ ಕಿವಿಗೆ ಬಟ್ಟಲು ಮುಚ್ಕೊಂಡಿರ್ತಾರೆ. ಮನೇಲೂ ಹಾಗೇ ಬಿಡು, ಬಟ್ಟಲು ಕಾಣಲ್ಲ ಅಷ್ಟೇ. ಯಾಕೆ, ಏನಾಯ್ತೇ?"

"ಏನಿಲ್ಲ ಅಕ್ಕ. ಸುಮ್ನೆ ಕೇಳಿದೆ."

ನಳಿಗೆಯೊಳಗೆ ತೂರಿಸಿ ಅಡ್ಡಿ ಇದೆಯೇ ಅಂತ ನೋಡುವ ಉದ್ದ ಕೋಲನ್ನು ಸ್ಕೂಟರಿನ ಪಕ್ಕಕ್ಕೆ ಕಟ್ಟಿದಳು. "ಎಲ್ಲಿಗೇ ಹೊರಟೆ, ಟೀ ಆರ್ತಿದೆ!" ಅಂತ ಅಪ್ಪ ಕೂಗುವಷ್ಟರಲ್ಲಿ ಸ್ಕೂಟರು ಬೀದಿಗಿಳಿದಿತ್ತು.

ಊರಿನ ಅಂಚಿನಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ, ಅದೂ ಆಮೆಯ ತಮ್ಮ. ಡಬ್ಬಿ ಎಣಿಸಿದಳು. ಹನ್ನೊಂದು, ಹನ್ನೆರಡು. ಭಾವ ಒಬ್ಬ ಸೋಮಾರಿ, ಹೊಡೆಯುವ ಮುಂಚೆ ನಳಿಗೆ ನೋಡುವವನೇ ಅಲ್ಲ. "ಹದ್ದುಗಣ್ಣಪ್ಪ ನೋಡಿದ ಮೇಲೆ ನಾನ್ ಯಾವ ಗುಬ್ಬಿಗಣ್ಣ?" ಅನ್ನುತ್ತಾನೆ. ಇಪ್ಪತ್ತಾರು, ಇಪ್ಪತ್ತೇಳು. ನೆಗ್ಗಿದ್ದದ್ದು ಎಡದ ನಳಿಗೆ. ಭಾವ ಮೊದಲು ಹೊಡೆಯುವುದು ಬಲದ್ದು, ಗುರಿ ತಪ್ಪಿದರೆ ಮಾತ್ರ ಎಡದ್ದು. ಆದರೆ ಅವನ ಗುರಿ ಎಂಥದು! ನಾಲ್ಕಕ್ಕೆ ಮೂರು ತಪ್ಪುವವನು. ನಲವತ್ತೊಂದು. ನಳಿಗೆಯ ಕೆಳಗಿರುವುದು ಅವನ ಎಡಗೈ. ಬಸ್ಸಿನ ಗೇರು ಹಾಕುವ ಕೈ. ಮುಖವೂ ಒಂದು ಮೊಳ ದೂರದಲ್ಲೇ. ಐವತ್ತೆಂಟಕ್ಕೆ ಗೇಟು ಎದ್ದಿತು.

ಗಣಿಯ ಇಳಿಜಾರಿನಲ್ಲಿ ಇರುವಾಗಲೇ ಢಂ, ಢಂ ಅಂತ ಜೋಡಿ ಸದ್ದು. ಸ್ಕೂಟರು ಅಡ್ಡಾದಿಡ್ಡಿಯಾಯಿತು. ಆ ಸದ್ದು ಯಾರದೋ. ಸಾಲಿನ ಕೊನೆಯಲ್ಲಿ ಭಾವನ ದಪ್ಪ ಬೆನ್ನು ಇಡಿಯಾಗಿ ನಿಂತಿತ್ತು. "ಬಿಡಿ!" ಅಂದ ಭಾವ. ಬಿಲ್ಲೆ ಹಾರಿತು, ಢಂ, ಪುಡಿಯಾಯಿತು. ಸುತ್ತ ಚಪ್ಪಾಳೆ.

"ಹದಿನೇಳಕ್ಕೆ ಹದಿನೇಳು! ಏನ್ರೀ ಇವತ್ತು, ಯಾರ ಕಣ್ಣು ಹಾಕ್ಕೊಂಡು ಬಂದ್ರಿ?" ಅಂತ ಯಾರೋ ಛೇಡಿಸಿದರು. ಹದಿನೇಳೂ ಬಲದ ನಳಿಗೆಯಲ್ಲೇ. ಹುಟ್ಟಿದಾಗಿನಿಂದ ಗುರಿ ತಪ್ಪಿಕೊಂಡೇ ಬಂದ ಭಾವ ಆವತ್ತೊಂದು ದಿನ ತಪ್ಪದಿದ್ದದ್ದಕ್ಕೆ ಎಡದ ನಳಿಗೆ ಕೆಲಸವಿಲ್ಲದೆ ಉಳಿದಿತ್ತು.

ಅವಳು ಸ್ಕೂಟರು ಬಿಟ್ಟು ಓಡಿದಳು. ಕೋವಿ ಸಾಲಿನ ಹತ್ತಿರ ಓಡಬಾರದು ಅಂತ ಊರಿಗೆಲ್ಲ ಹೇಳಿಕೊಟ್ಟವಳೇ ಓಡಿದಳು. "ಭಾವ! ನಿಲ್ಸಿ! ಭಾವ!" ಕಿವಿಗೆ ಬಟ್ಟಲು, ಕೇಳುವುದೆಲ್ಲಿ? "ಬಿಡಿ!" ಅಂದ. ಬಿಲ್ಲೆ ಹಾರಿತು. ಢಂ. ಬಿಲ್ಲೆ ಇಡಿಯಾಗಿ ಮುಂದೆ ಹೋಯಿತು. ತಪ್ಪಿತ್ತು. ಭಾವನ ನಳಿಗೆ ಬಿಲ್ಲೆಯ ಹಿಂದೆಯೇ ತಿರುಗಿತು, ಬೆರಳು ಎರಡನೇ ಟ್ರಿಗರಿಗೆ ಜರುಗಿತು.

ಮೇಲ್ವಿಚಾರಣೆಗೆ ನಿಂತಿದ್ದ ಸೀಟಿಯಮ್ಮ ಎರಡೂ ಕೈ ಎತ್ತಿ ಓಡಿಬರುವ ಹೆಂಗಸನ್ನು ಕಂಡಳು. ಸೀಟಿ ಊದಿದಳು. ಕಲ್ಲುಗಣಿಯೇ ಸೀಳುವಂಥ ಸೀಟಿ. ಭಾವನ ಬೆರಳು ನಿಂತಿತು.

"ಯಾವನದು ಸೀಟಿ?" ಬಟ್ಟಲು ಕಿತ್ತು ತಿರುಗಿದ. "ಓಹೋ, ನಾದಿನಿ! ನನ್ನ ದಾಖಲೆ ಕೆಡಿಸೋಕೆ ಸ್ಕೂಟರ್ ಹತ್ಕೊಂಡು ಬಂದ್ಯಾ ತಾಯಿ?"

"ಮುರೀರಿ ಭಾವ. ಕೋವಿ ಮುರೀರಿ. ತೋಟಾ ತೆಗೀರಿ."

ಅವಳ ಮುಖ ನೋಡಿ ಭಾವ ಜೋಕು ನುಂಗಿಕೊಂಡ. ಕೋವಿಯನ್ನು ನಡುವಿನ ಕೀಲಿನಲ್ಲಿ ಮುರಿದು ತೋಟಾ ತೆಗೆದು ಕೊಟ್ಟ. ಅವಳು ಆಕಾಶಕ್ಕೆ ಹಿಡಿದಳು. ಬಲದ್ದರಲ್ಲಿ ದುಂಡನೆಯ ಬಿಳಿ. ಎಡದ್ದರಲ್ಲಿ ಕತ್ತಲೆ.

ಕೋಲು ಹಾಕಿ ನೂಕಿದಳು. ಬರಲಿಲ್ಲ. ಅಂಗೈಯಲ್ಲಿ ಗುದ್ದಿದಳು. ಒಂಬತ್ತನೇ ಬಿರಡೆ ಜಾರಿ ಬಂದು ಕಲ್ಲಿನ ಮೇಲೆ ಟಣ್ ಅಂತ ಬಿದ್ದು ಉರುಳಿ, ಭಾವನ ಬೂಟಿಗೆ ತಾಗಿ ನಿಂತಿತು.

ಭಾವ ಅದನ್ನು ನೋಡಿದ. ತನ್ನ ಎಡಗೈ ನೋಡಿಕೊಂಡ, ಹಿಂದೆ ಮುಂದೆ ತಿರುಗಿಸಿ. ಆಮೇಲೆ ಅಲ್ಲೇ ನೆಲಕ್ಕೆ ಕೂತ.

"ಮಾವ ನೋಡಿದ್ರಲ್ಲ?" ಅಂದ ಸಣ್ಣ ದನಿಯಲ್ಲಿ.

"ಬಿಟ್ಟಿದ್ದು ನಾನು ಭಾವ. ಮರೆತೆ."

"ನೀನಾ? ನಿದ್ದೆಯಲ್ಲೂ ಎಣಿಸೋಳು, ನೀನ್ ಮರೀತೀಯಾ?" ಅವಳು ಬಗ್ಗಿ ಬಿರಡೆ ಎತ್ತಿ ಜೇಬಿಗೆ ಹಾಕಿಕೊಂಡಳು. "ನಿಮ್ಮಕ್ಕನಿಗೆ ಹೇಳ್ಬೇಡ," ಅಂದ. "ಕೋವಿ ಮಾರಿಸಿ ಹೊಲಿಗೆ ಯಂತ್ರ ತಗೋತಾಳೆ."

ಮನೆಗೆ ಬಂದಾಗ ಅಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಿರಡೆ ಪೆಟ್ಟಿಗೆ. ಒಂದು ಬೆರಳು ಒಂಬತ್ತನೇ ಗುಳಿಯೊಳಗಿತ್ತು.

"ಕೈಯಾ, ಮುಖಾನಾ?" ಅಂದರು.

"ಎರಡೂ ಇದೆ ಅಪ್ಪ. ಏನೂ ಆಗಿಲ್ಲ." ಬಿರಡೆಯನ್ನು ಅವರ ಅಂಗೈಗಿಟ್ಟಳು. ಅಪ್ಪ ಅದನ್ನು ಸವರಿದರು, ಮೂಗಿಗೆ ಹಿಡಿದು ಮೂಸಿದರು. ಎಣ್ಣೆಯ ವಾಸನೆಯಷ್ಟೇ. ಮದ್ದಿನದಿಲ್ಲ. ಆಗಷ್ಟೇ ಅದನ್ನು ತಡವಿ ಅದರ ಗುಳಿಗೆ ಕೂರಿಸಿದರು.

"ಎಷ್ಟು ದಿನದಿಂದ ಅಪ್ಪ?"

"ಎರಡು ವರ್ಷ ಆಗ್ತಾ ಬಂತು. ಮಂಜು ಮುಸುಕಿದ ಹಾಗೆ. ಕಿಟಕಿ ಎಲ್ಲಿದೆ ಅಂತ ಗೊತ್ತಾಗತ್ತೆ, ಅಷ್ಟೇ."

"ಮತ್ತೆ ಬೆಳಕು ಬಂತು ಅಂತಿದ್ದೆ?"

"ನೀನು ಯಾವತ್ತೂ ಏನೂ ಬಿಟ್ಟಿದ್ದಿಲ್ವಲ್ಲ ಮಗಳೇ. ನೀನು ತಪ್ಪದಿದ್ದಾಗೆಲ್ಲ ನಾನೂ ತಪ್ಪಲಿಲ್ಲ." ಪೆಟ್ಟಿಗೆಯ ಮುಚ್ಚಳ ಮುಚ್ಚಿ, "ಹದ್ದುಗಣ್ಣಪ್ಪ ಅಂತ ಕರೀತಾರೆ. ಕುರುಡ ಅಂತ ಹೇಗೆ ಹೇಳ್ಲಿ?" ಅಂದರು.

ಅವಳಿಗೆ ಬೈಯಬೇಕು ಅನ್ನಿಸಿತು. ಆದರೆ ಅಪ್ಪನ ಕಣ್ಣಿದೆ ಅಂತ ತಾನು ಕೋಲು ಹಾಕುವುದನ್ನು ಬಿಟ್ಟಿದ್ದಳು. ಮಗಳ ಎಣಿಕೆಯಿದೆ ಅಂತ ಅಪ್ಪ ಕಣ್ಣಿನ ಮಾತು ಮುಚ್ಚಿಟ್ಟಿದ್ದರು. "ನಾಳೆ ಕಣ್ಣಾಸ್ಪತ್ರೆ," ಅಂದಳು. "ಪೊರೆ ತೆಗೆಸೋದು. ತಕರಾರಿಲ್ಲ." ಅಪ್ಪ ತಲೆಯಾಡಿಸಿದರು.

ಕೂರೋಣ ಅಂದುಕೊಂಡಳು. ಕೂರಲಾಗಲಿಲ್ಲ. ಎರಡು ವರ್ಷ! ಕಪಾಟಿನಿಂದ ರಿಪೇರಿ ಪುಸ್ತಕ ಎಳೆದು ಎಣಿಸಿದಳು. ಅರವತ್ಮೂರು ಕೋವಿಗಳು. ಫೋನು ಹಚ್ಚಿದಳು.

"ನಮಸ್ಕಾರ, ಕೋವಿ ಅಂಗಡಿಯಿಂದ. ತೋಟಾ ಇಲ್ಲ ಅಂತ ಮೊದಲು ನೋಡ್ಕೊಳ್ಳಿ. ಕೋವಿ ಮುರಿದು ಬೆಳಕಿಗೆ ಹಿಡೀರಿ. ಬೆಳಕು ಬಂತಾ?"

ಅಪ್ಪ ಪಕ್ಕದಲ್ಲಿ ಕೂತು ನೆನಪಿನಿಂದಲೇ ಹೇಳುತ್ತಿದ್ದರು, ಯಾರದು ಹಳೆ ತೋಟಾದ ಚಟ, ಯಾರ ನಳಿಗೆಗೆ ಒಳಗೆ ತುಕ್ಕು. ಕೆಲವರು ನಕ್ಕರು, ಒಬ್ಬಾಕೆ ಬೈದಳು, ಎರಡು ಬೆರಳಿನವನು ಮಾತ್ರ ಏನೂ ಕೇಳದೆ ಎದ್ದುಹೋಗಿ ನೋಡಿ ಬಂದು "ಬಂತು" ಅಂದ. ಮಧ್ಯಾಹ್ನ ಮೂರರ ಹೊತ್ತಿಗೆ ಅರವತ್ತೆರಡು ಹೆಸರಿನ ಮುಂದೆ ಗೀಟು ಬಿದ್ದಿತ್ತು. ಒಂದು ಉಳಿಯಿತು: ಕಾಡಿನಂಚಿನ ನರ್ಸರಿಯ ಕಾವಲುಗಾರ. ಏಳು ಸಲ ಮಾಡಿದರೂ ಎತ್ತಲಿಲ್ಲ.

ಅವಳು ಸ್ಕೂಟರಿನ ಕೀಲಿ ಎತ್ತಿಕೊಂಡಳು. ಹಿಂದಿನಿಂದ ಸ್ಟೂಲು ಸರಿದ ಸದ್ದಾಯಿತು.

"ತಡಿ, ನಾನೂ ಬರ್ತೀನಿ," ಅಪ್ಪ ಗೋಡೆ ಹಿಡಿದು ನಡೆದುಬರುತ್ತಿದ್ದರು, ಒಡೆದ ನಳಿಗೆಗಳು ಒಂದೊಂದಾಗಿ ಅವರ ಕೈಗೆ ತಾಗಿ ಕಿಣಿಕಿಣಿ ಅಂದವು. "ನೋಡೋಕೆ ಬರಲ್ಲ. ಕೋಲು ಹಾಕೋಕೆ ಬರತ್ತೆ."